ಡ್ಯಾಮಿನ ಸೊಂಟನೋವು

"ಎಂಟನೇ ಕ್ಲಾಸು ಫೇಲಾದೋನು ಡ್ಯಾಮಿಗೆ ಕ್ಲಾಸ್ ಹಾಕ್ತಾನಂತೆ!" ಎಂದು ಎಂಜಿನಿಯರ್ ನಗಾಡಿದರು. ಡ್ಯಾಮಿನ ಕೆಳಗಿನ ಕಾಲೊನಿಯಿಂದ ಬಂದಿದ್ದ ಜನರೂ ಜೋರಾಗಿ ನಕ್ಕರು. ಕಾವಲುಗಾರ ಓಬಳೇಶ ಡ್ಯಾಮಿನ ಗೋಡೆಯ ಮೇಲೆ ಬರೆದಿದ್ದ 'ಅಪಾಯ' ಎಂಬುದಕ್ಕೆ ಎಂಜಿನಿಯರ್ ಸುಣ್ಣ ಬಳಿಸಿ, 'ಒಂದನೇ ದರ್ಜೆ, ಸುರಕ್ಷಿತ' ಎಂದು ಬರೆಸಿದರು.

"ಸಾರ್, ಡ್ಯಾಮೇ ಹೇಳ್ತೈತೆ, ಸೊಂಟ ನೋಯ್ತೈತೆ ಅಂತ," ಎಂದ ಓಬಳೇಶ.

"ಎಲ್ಲಾ ಡ್ಯಾಮೂ ಗೊಣಗ್ತವೆ ಕಣೋ. ಕೇಳ್ತಾ ಕೂತ್ರೆ ಊರಿಗೆ ನೀರು ಬಿಡೋರ್ಯಾರು?"

ಎಲ್ಲರೂ ಹೋದರು. ಓಬಳೇಶ ದಿನದಂತೆ ಗೋಡೆಗೆ ಕಿವಿಯಿಟ್ಟ.

"ಇವತ್ತಾದ್ರೂ ಕೂತ್ಕಳ್ಳಲೇನೋ ಮಗಾ?" ಎಂದು ಡ್ಯಾಮು ಕೇಳಿತು.

ಆರು ವರ್ಷದಿಂದ ಅವನು ದಿನಾ, "ಇದೊಂದಿನ ನಿಂತ್ಕಳಜ್ಜಾ" ಎನ್ನುತ್ತಿದ್ದ. ಅದು ನಿಲ್ಲುತ್ತಿತ್ತು.

ಇವತ್ತು ಅವನು ಚಪ್ಪಲಿ ಮೆಟ್ಟಿಕೊಂಡು, ಏನೂ ಹೇಳದೆ ನಡೆದುಬಿಟ್ಟ.