ಅರ್ಧ ಅಂಕ

"ಭಾನುವಾರ ನಿಮ್ಮ ಕಾಲುಗುರು ಕತ್ತರಿಸಿದ್ದು ಯಾರು ಅಜ್ಜಿ?" ಎಂದು ಡಾಕ್ಟರು ಕೇಳಿದಾಗ ಪಕ್ಕದಲ್ಲಿದ್ದ ಕಿರಿಮಗಳು ಅಮ್ಮನ ಮುಖ ನೋಡಿದಳು. ಮರೆವಿನ ಕಾಯಿಲೆಗೆ ಹೊಸ ಮಾತ್ರೆಯ ಪ್ರಯೋಗವದು. ಅಮ್ಮನಿಗೆ ಸಿಗುತ್ತಿರುವುದು ನಿಜವಾದ ಮಾತ್ರೆಯೋ ಬರೀ ಸಕ್ಕರೆಯದೋ, ಡಾಕ್ಟರಿಗೂ ಗೊತ್ತಿಲ್ಲ. ಪ್ರತಿ ಸಲವೂ ಮನೆಯವರು ಆ ವಾರದ ಒಂದು ಘಟನೆಯನ್ನು ಚೀಟಿಯಲ್ಲಿ ಬರೆದುಕೊಡಬೇಕು. ಅದು ರೋಗಿಗೆ ನೆನಪಿದ್ದರೆ ಒಂದು ಅಂಕ. ಆರು ತಿಂಗಳಿಂದ ಅಮ್ಮನಿಗೆ ಬಿದ್ದದ್ದೆಲ್ಲ ಸೊನ್ನೆ.

"ದೊಡ್ಡವಳು," ಎಂದಳು ಅಮ್ಮ, ಥಟ್ಟನೆ. "ಬಿಸಿನೀರಲ್ಲಿ ಕಾಲು ನೆನೆಸಿ, ಹಸಿರು ಟವೆಲಲ್ಲಿ ಒರೆಸಿ, ಒಂದೊಂದೇ ಕತ್ತರಿಸಿದ್ಲು. ಅವಳ ಕೈ ಹೂವಿನ ಹಾಗೆ." ಆಮೇಲೆ ಬ್ಯಾಂಡೇಜ್ ಸುತ್ತಿದ ಕಾಲಿನ ಕಿರುಬೆರಳನ್ನು ಮುಂದೆ ಚಾಚಿ, ಗದ್ದದಿಂದಲೇ ಕಿರಿಮಗಳನ್ನು ತೋರಿಸಿದಳು. "ರಕ್ತ ಬರಿಸಿದ್ದು ಮಾತ್ರ ಇವಳು."

ಡಾಕ್ಟರ ಮುಖ ಅರಳಿತು. ನೀರು, ಟವೆಲು, ರಕ್ತ, ಎಲ್ಲ ಚೀಟಿಯಲ್ಲಿದ್ದಂತೆಯೇ ಇತ್ತು; ಕತ್ತರಿಸಿದ್ದು ಯಾರೆಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ. "ಎಲ್ಲಾ ಸರಿ ತಾನೇ? ಅಕ್ಕ ಬಂದಿದ್ರಾ?" ಹೂಂ ಎಂದಿದ್ದರೆ ಪೂರ್ತಿ ಅಂಕ. ಆದರೆ ಕಿರಿಮಗಳು ತಡೆಯಲಾರದೆ ಹೇಳಿಯೇಬಿಟ್ಟಳು. "ಅಕ್ಕ ಎರಡು ವರ್ಷದಿಂದ ಈ ಕಡೆ ತಲೆ ಹಾಕಿಯೂ ಮಲಗಿಲ್ಲ. ಕತ್ತರಿಸಿದ್ದೂ ನಾನೇ, ರಕ್ತ ಬರಿಸಿದ್ದೂ ನಾನೇ. ಅರ್ಧ ತಪ್ಪು, ಬರ್ಕೊಳ್ಳಿ." ಡಾಕ್ಟರು ಆಗಲೇ ಬರೆದಿದ್ದ ಒಂದನ್ನು ಹೊಡೆದುಹಾಕಿ ಅರ್ಧ ಎಂದು ಬರೆದರು.

ಅಮ್ಮ ಆ ಪೆನ್ನನ್ನೇ ನೋಡುತ್ತಿದ್ದಳು. ಮಗಳ ತೋಳು ಹಿಡಿದೆಳೆದು ಕಿವಿಯ ಹತ್ತಿರ ಬಾಯಿ ತಂದಳು. "ಅಂಕ ಕಡಿಮೆ ಬಿತ್ತು ಅಂತ ನಿಮ್ಮಕ್ಕನಿಗೆ ಹೇಳ್ಬೇಡ ಕಣೇ. ಪಾಪ, ಅಷ್ಟೆಲ್ಲಾ ಮಾಡಿದಾಳೆ, ನೊಂದ್ಕೋತಾಳೆ."