ಗೆರೆಯಿಲ್ಲದ ಚೌಡಮ್ಮ

ಸಂಗೀತ ತಾನೇ ಉಳಿಯಲ್ಲಿ ಕೆತ್ತಿ ಮಸಿ ಬಳಿದ ಮರದ ಹಲಗೆಯ ಮೇಲೆ ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಒಂದೇ ಹದದಲ್ಲಿ ಉಜ್ಜುತ್ತಿದ್ದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ಪಕ್ಕದ ಮನೆಯ ಚೌಡಮ್ಮ ಎಲೆಯಡಿಕೆಯನ್ನು ಕೆನ್ನೆಗೆ ಒತ್ತಿಟ್ಟುಕೊಂಡು, ಅಗಿಯುವುದನ್ನೂ ಮರೆತು ನೋಡುತ್ತಿದ್ದಳು. ಜಗಲಿಯಲ್ಲಿ ಸೌಟಿನ ಸರಸರ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮೂಲೆ ಹಿಡಿದು ಕಾಗದ ಎತ್ತಿದರೆ ಅದರಲ್ಲಿ ಚೌಡಮ್ಮನೇ ಎದ್ದು ಬಂದಿದ್ದಳು. ಹಣೆಯ ಮಡಿಕೆ, ಬಾಯಿ ಸುತ್ತಲಿನ ಸುಕ್ಕು, ಒಂದೂ ತಪ್ಪಿರಲಿಲ್ಲ. ಶಾಲೆ ಬಿಟ್ಟು, ಫೋನಿನಲ್ಲಿ ನೋಡಿಕೊಂಡು ಉಳಿ ಹಿಡಿದ ಸಂಗೀತಳಿಗೆ ಇದು ಮೊದಲನೆಯ ಮುಖ. ಅಷ್ಟು ಸಣ್ಣ ಗೆರೆಗಳು ಮರದಲ್ಲಿ ಮುರಿಯದೆ ಉಳಿದದ್ದು ಅವಳಿಗೇ ಆಶ್ಚರ್ಯ.

"ಅಯ್ ಶಿವ್ನೆ! ಇದು ನಾನಾ, ಇಲ್ಲಾ ಒಣ್ಗಾಕಿದ್ ಉಣ್ಸೆಣ್ಣಾ?"

"ಚೆಂದಾಗದೆ ಕಣಜ್ಜಿ."

"ನಿಂಗ್ ಚೆಂದ. ನಮ್ಮನೆಯವ ನೋಡ್ಬೇಕಲ್ಲ! ತಟ್ಟೆ ನೋಡ್ತನೆ, ದನದ್ ಮೊಕ ನೋಡ್ತನೆ, ನನ್ ಮೊಕ ನೋಡಿ ಯಾವ್ ಕಾಲಾಯ್ತೋ. ಪಟನಾದ್ರೂ ನೋಡ್ಲಿ ಅಂತ್ಲೇ ನಿನ್ ಮುಂದೆ ಕೂತಿದ್ದು. ಆ ಗೆರೆಗಳ್ನೆಲ್ಲ ತಗದಾಕು."

"ಮರ ಅಜ್ಜಿ ಇದು. ಉಬ್ಬಿರ ಕಡೆನೇ ಮಸಿ ಇಡೀತದೆ. ಸೀವಿಬುಟ್ರೆ ಓಯ್ತು, ತಿರ್ಗಾ ಬರಲ್ಲ."

"ಓಗ್ಲಿ ಅಂತ್ಲೇ ಏಳ್ತಿರದು ಕಣ್ ಕೂಸೆ!"

ಇಲ್ಲ ಅನ್ನುವುದು ಸಂಗೀತಳಿಗೆ ಯಾವತ್ತೂ ಬಾರದು. ಮೊದಲನೆಯ ಕಾಗದವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡು ಉಳಿ ಎತ್ತಿಕೊಂಡಳು. ಚೌಡಮ್ಮ ತನ್ನ ಕೆನ್ನೆ ಮುಟ್ಟಿ ಮುಟ್ಟಿ "ಇದೂ, ಇಕಾ ಇದೂವೆ" ಎಂದು ತೋರಿಸುತ್ತ ಹೋದಳು. ಎರಡನೆಯ ಕಾಗದದಲ್ಲಿ ನುಣ್ಣನೆಯ ಕೆನ್ನೆಯ ಹುಡುಗಿಯೊಬ್ಬಳು ಕಣ್ಣರಳಿಸಿ ನಿಂತಿದ್ದಳು.

ಸಂಜೆ ಚೌಡಮ್ಮನ ಗಂಡ ದೊಡ್ಡಮಾದ ದನ ಕಟ್ಟಿ ಒಳಗೆ ಬಂದಾಗ ಪಟ ಗೋಡೆಯಲ್ಲಿತ್ತು. ಚೌಡಮ್ಮ ಏನೂ ತಿಳಿಯದವಳಂತೆ ಅದರ ಪಕ್ಕದಲ್ಲೇ ರಾಗಿ ಕೇರುತ್ತಿದ್ದಳು.

"ಯಾವೂರ್ ಎಣ್ಣವ್ವಾ ಇದು?"

"ನೀವೇ ಏಳಿ ತಾತ," ಅಂದಳು ಬಾಗಿಲಲ್ಲಿ ನಿಂತಿದ್ದ ಸಂಗೀತ.

ಮುದುಕ ಹತ್ತಿರ ಹೋದ, ಹಿಂದೆ ಸರಿದ, ತಲೆವಸ್ತ್ರ ಬಿಚ್ಚಿ ಕಣ್ಣೊರೆಸಿಕೊಂಡ. "ಏಯ್, ನಮ್ ಚೌಡಿ ಕಣವ್ವ! ದಿಂಬದ್ ಗಾಟಿಲಿ ಟೀ ಅಂಗ್ಡಿ ತಾವು ಬಸ್ ಕಾಯ್ತಾ ಇಂಗೇ ನಿಂತಿದ್ಳು. ಬನ್ ಕೊಡ್ಸುದ್ರೆ ನನ್ ಮೊಕುಕ್ಕೇ ಎಸ್ದುಬುಟ್ಳು!"

ಚೌಡಮ್ಮ ಮೊರ ಅಡ್ಡ ಹಿಡಿದು ನಕ್ಕಳು. "ಬನ್ನಲ್ಲ, ವಡೆ."

"ಬನ್ನೇ," ಎಂದ ದೊಡ್ಡಮಾದ, ಪಟಕ್ಕೆ. "ನೋಡವ್ವ, ಈಗ್ಲೂ ಎಂಗ್ ಗುರಾಯಿಸ್ತಳೆ! ಬಾಯಿ ಕಡ್ಮೆ ಇರ್ಲಿಲ್ಲ ಇವ್ಳ್ಗೆ." ಗೋಡೆಗೆ ಮುಖ ಮಾಡಿ ಬೆಂಚಿನ ಮೇಲೆ ಕೂತು, ಆ ಹುಡುಗಿಯ ಜೊತೆ ಹಳೆಯ ಜಗಳವನ್ನೆಲ್ಲ ಒಂದೊಂದಾಗಿ ತೆಗೆದ.

ಚೌಡಮ್ಮ ಎದ್ದು ಹೋಗಿ ಮುಖ ತೊಳೆದು, ಕುಂಕುಮ ಇಟ್ಟು, ಸೆರಗು ಸರಿಮಾಡಿಕೊಂಡು ಬಂದು ಪಟದ ಪಕ್ಕ ನಿಂತಳು. ಸಂಗೀತಳಿಗೆ ನಗು ಬಂತು, ಆಮೇಲೆ ಬರಲಿಲ್ಲ.

"ಓಯ್, ವಸಿ ಇತ್ತಗೂ ನೋಡು," ಅಂದಳು ಚೌಡಮ್ಮ.

ದೊಡ್ಡಮಾದ ಪಟದಿಂದ ಕಣ್ಣು ಕೀಳದೆ, ಬೆಂಚನ್ನು ಅದರ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡ.