ನೀಲಮ್ಮನ ರಂಗೋಲಿ

ನೆಲವು ನಿಂತದ್ದನ್ನೆಲ್ಲ ಮೆಲ್ಲಮೆಲ್ಲಗೆ ನುಂಗತೊಡಗಿದ ಮೇಲೆ ಊರುಗಳು ಗಾಲಿಯ ಮೇಲೆ ಬಂದಿದ್ದವು. ಗುರುಪಾದಯ್ಯನವರ ಮನೆಯೆಂದರೆ ಅವರ ಜೀಪು. ಹಿಂದಿನ ಸೀಟಿನ ಜಾಗದಲ್ಲಿ ಒಲೆ, ಅದರ ಮಗ್ಗುಲಲ್ಲೇ ದೇವರ ಜಗಲಿ. ಸಂಜೆ ನಿಂತಲ್ಲೇ ಅಂಗಳ. ಬೆಳಗಾಗುತ್ತಲೇ ಹೆಂಡತಿ ನೀಲಮ್ಮ ಬಾನೆಟ್ಟಿನ ಮುಂದೆ ರಂಗೋಲಿ ಹಾಕುತ್ತಿದ್ದಳು. ಅದನ್ನು ತುಳಿಯದಂತೆ ಗುರುಪಾದಯ್ಯನವರು ಜೀಪನ್ನು ಹಿಂದಕ್ಕೆ ತೆಗೆದು ಹೊರಡುತ್ತಿದ್ದರು. ಒಂದು ದಿನವೂ ಅದು ತಪ್ಪಿರಲಿಲ್ಲ.

ಅವಳು ಲಿಂಗೈಕ್ಯಳಾದ ಮೇಲೆ ಅಂಗಳ ಬರಿದಾಗಿತ್ತು. ಇಂದು ಮೊದಲ ಸಲ ಸೊಸೆ ಚಂಪಾ ಅತ್ತೆ ಕಲಿಸಿದ ಬಳ್ಳಿಯನ್ನೇ ಬಿಡಿಸಿದ್ದಳು. ಇಂದೇ ರಿವರ್ಸ್ ಗೇರು ಕೈಕೊಟ್ಟಿತು. ಉಳಿದ ಗಾಡಿಗಳು ಆಗಲೇ ಹೋಗಿದ್ದವು. ಗಾಲಿಗಳು ಅರ್ಧ ಹೂತು, ಪಕ್ಕಕ್ಕೆ ತಿರುಗುವಂತಿರಲಿಲ್ಲ.

“ಮುಂದಕ್ಕ ತಗೀರಿ ಮಾವಾರ. ಇನ್ನ ತಡಾ ಮಾಡಿದ್ರ ಜಗಲಿನೂ ನೆಲದಾಗ ಇಳೀತೈತಿ.”

“ಆಕೀ ರಂಗೋಲಿ ಮ್ಯಾಲ ಗಾಲಿ ಹ್ಯಾಂಗ ಹಾಯಿಸ್ಲಿ, ಚಂಪಾ?”

“ಅತ್ತಿ ಇದ್ದಿದ್ರ ಏನಂತಿದ್ರು? ‘ರಂಗೋಲಿ ನಾಳೆ ಹಾಕ್ತೀನಿ, ಮನಿ ಎಲ್ಲಿಂದ ತರ್ಲಿ, ನಡೀರಿ’ ಅಂತ ಬೈತಿದ್ರು.”

ಗುರುಪಾದಯ್ಯನವರಿಗೆ ನಗು ಬಂತು, ಕಣ್ಣೂ ತುಂಬಿತು. ಶಿವನೇ ಎಂದು ಫೋರ್‌ವೀಲ್ ಹಾಕಿ ಆಕ್ಸಿಲರೇಟರ್ ಒತ್ತಿದರು. ಜೀಪು ಮುಲುಗುತ್ತ ಮೇಲೆದ್ದು ರಂಗೋಲಿಯ ಮೇಲೆಯೇ ಹಾಯ್ದು ಹೋಯಿತು.

ಪಕ್ಕದ ಕನ್ನಡಿಯಲ್ಲಿ ನೋಡಿದರೆ, ಗಾಲಿಗೆ ಅಂಟಿದ ಬಿಳಿ ಹುಡಿ ಎರೆಮಣ್ಣಿನ ಮೇಲೆ ಅಚ್ಚೊತ್ತುತ್ತ ಹಿಂದೆಯೇ ಬರುತ್ತಿತ್ತು. ಆ ಬಿಳುಪು ಮುಗಿಯುವವರೆಗೆ ಅವರು ಎರಡನೇ ಗೇರು ಹಾಕಲಿಲ್ಲ.